ತಾವರೆಯೆಲೆಯ ಮೇಲಿನ ಹನಿ

ಸಂಸಾರದಲ್ಲಿದ್ದೂ ಸಂಸಾರ ಅಂಟದಂತೆ ಬಾಳಬೇಕೆಂದು ಹೇಳುವಾಗ ನಮ್ಮ ಹಿರಿಯರು ತಾವರೆಯೆಲೆಯ ಮೇಲಿನ ನೀರನ್ನು ನೆನೆಯುವುದು ವಾಡಿಕೆ. ಶ್ರಾವಣ ಮಾಸದ ಪ್ರವಚನಗಳಲ್ಲಿ, ಮಠಗಳ ಪುರಾಣ ಮಂಗಲದ ಸಭೆಗಳಲ್ಲಿ, ಮನೆಯ ಜಗಲಿಯ ಮೇಲಿನ ಮಾತುಕತೆಗಳಲ್ಲಿ ಈ ಉಪಮೆಯನ್ನು ಕೇಳದವರು ನಮ್ಮಲ್ಲಿ ವಿರಳ. ಭಗವದ್ಗೀತೆಯ ಐದನೆಯ ಅಧ್ಯಾಯದಲ್ಲಿಯೂ ಅದು ಬಂದಿದೆ. ಬೌದ್ಧ ವಾಙ್ಮಯದಲ್ಲಿಯೂ ಬಂದಿದೆ. ಅಕ್ಷರ ಬಲ್ಲವರಿಗೂ ಬಾರದವರಿಗೂ ಒಂದೇ ನೋಟಕ್ಕೆ ಅರ್ಥವಾಗುವ ಹೋಲಿಕೆಯಾದ್ದರಿಂದ ಅದು ಇಷ್ಟು ಕಾಲ ಬಾಳಿದೆ.

ಆದರೆ ಬಹುಕಾಲ ಕೈಯಿಂದ ಕೈಗೆ ದಾಟಿದ ನಾಣ್ಯದ ಅಚ್ಚು ಸವೆಯುವಂತೆ ಬಹಳ ಬಳಕೆಯಾದ ಉಪಮೆಯ ಅರ್ಥವೂ ಸವೆಯುತ್ತದೆ. ‘ನಾನು ತಾವರೆಯೆಲೆಯಂತೆ ಇದ್ದುಬಿಟ್ಟಿದ್ದೇನೆ’ ಎಂಬ ಮಾತು ಇಂದು ಯಾವ ಯಾವ ಸಂದರ್ಭಗಳಲ್ಲಿ ಕೇಳಿಬರುತ್ತದೆಂಬುದನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ಹಾಸಿಗೆ ಹಿಡಿದ ತಾಯಿಯ ಆರೈಕೆಯನ್ನು ಒಬ್ಬ ಸೊಸೆಯ ಹೆಗಲಿಗೆ ಹೊರಿಸಿ ಮಿಕ್ಕವರು ಈ ಮಾತನ್ನಾಡುತ್ತಾರೆ. ಅಣ್ಣತಮ್ಮಂದಿರ ನಡುವೆ ಹೊಲದ ವ್ಯಾಜ್ಯ ಹೊತ್ತಿ ಉರಿಯುವಾಗ ನ್ಯಾಯ ಹೇಳಬಲ್ಲ ಹಿರಿಯರು ಈ ಮಾತಿನ ಹಿಂದೆ ಅಡಗುತ್ತಾರೆ. ಊರ ಶಾಲೆಯ ಮಾಡು ಸೋರುತ್ತಿದ್ದರೂ ತಮಗೆ ಸಂಬಂಧವಿಲ್ಲವೆನ್ನುವವರು ಇದನ್ನೇ ವೈರಾಗ್ಯವೆಂದು ತಿಳಿಯುತ್ತಾರೆ. ಹೊಣೆಯಿಂದ ನುಣುಚಿಕೊಳ್ಳುವುದಕ್ಕೆ ನಿರ್ಲಿಪ್ತತೆಯೆಂಬ ದೊಡ್ಡ ಹೆಸರು ದೊರೆತುಬಿಟ್ಟಿದೆ.

ಆದ್ದರಿಂದ ಈ ತಿಂಗಳು ನಾವು ಉಪಮೆಯನ್ನು ಕೆಲಹೊತ್ತು ಬದಿಗಿರಿಸಿ ಎಲೆಯನ್ನೇ ನೋಡಲು ಬಯಸುತ್ತೇವೆ. ಅದರ ಮೇಲೆ ನೀರು ಏಕೆ ಹರಡಿಕೊಳ್ಳುವುದಿಲ್ಲ, ಹನಿ ಹೇಗೆ ಉರುಳುತ್ತದೆ, ಒಮ್ಮೊಮ್ಮೆ ಹೇಗೆ ಜಿಗಿಯುತ್ತದೆ ಎಂಬುದನ್ನು ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಬಹು ಸೂಕ್ಷ್ಮವಾಗಿ ಅರಿತಿದ್ದಾರೆ. ಎಲೆಯನ್ನು ಸರಿಯಾಗಿ ಕಂಡರೆ ಉಪಮೆಯೂ ಸರಿಯಾಗಿ ಕಂಡೀತೆಂಬುದು ನಮ್ಮ ನಂಬಿಕೆ.

ಹನಿ ದುಂಡಗಾಗುವುದೇಕೆ?

ನೀರು ಅಸಂಖ್ಯ ಅಣುಗಳ ಕೂಟ. ಹನಿಯ ಒಳಗಿರುವ ಒಂದು ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಸೆಳೆಯುತ್ತವೆ. ಹನಿಯ ಅಂಚಿನಲ್ಲಿರುವ ಅಣುವಿಗೆ ಹೊರಗಡೆ ಬಂಧುಗಳಿಲ್ಲ. ಅದನ್ನು ಒಳಗಿನವರು ಮಾತ್ರ ಸೆಳೆಯುತ್ತಾರೆ. ಹೀಗಾಗಿ ನೀರಿನ ಮೇಲ್ಮೈ ಬಿಗಿದ ತೊಗಲಿನಂತೆ ವರ್ತಿಸಿ ಸಾಧ್ಯವಾದಷ್ಟು ಕುಗ್ಗಲು ಹವಣಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಒಂದೇ ಗಾತ್ರದ ಆಕಾರಗಳಲ್ಲಿ ಅತ್ಯಂತ ಕಡಿಮೆ ಮೇಲ್ಮೈಯುಳ್ಳದ್ದು ಗೋಲ. ಆದ್ದರಿಂದ ಸಣ್ಣ ಹನಿ ತನ್ನ ಪಾಡಿಗೆ ತಾನಿದ್ದರೆ ಮುತ್ತಿನಂತೆ ದುಂಡಗಾಗುತ್ತದೆ. ಹನಿ ದೊಡ್ಡದಾದಂತೆ ಅದರ ಭಾರವೇ ಅದನ್ನು ಚಪ್ಪಟೆಗೊಳಿಸುತ್ತದೆ.

ಆ ಹನಿಯನ್ನು ಯಾವುದಾದರೂ ವಸ್ತುವಿನ ಮೇಲೆ ಇಟ್ಟಾಗ ಎಳೆದಾಟ ಆರಂಭವಾಗುತ್ತದೆ. ಆ ವಸ್ತು ನೀರನ್ನು ತನ್ನೆಡೆಗೆ ಸೆಳೆದರೆ ಹನಿ ಹರಡುತ್ತದೆ. ಸೆಳೆಯದಿದ್ದರೆ ದುಂಡಗೆ ಕುಳಿತಿರುತ್ತದೆ. ಹನಿಯ ಅಂಚು ವಸ್ತುವನ್ನು ಮುಟ್ಟುವಲ್ಲಿ ಉಂಟಾಗುವ ಕೋನದಿಂದ ಇದನ್ನು ಅಳೆಯಬಹುದೆಂದು ಇಂಗ್ಲೆಂಡಿನ ಥಾಮಸ್ ಯಂಗ್ ೧೮೦೫ರಲ್ಲಿಯೇ ತೋರಿಸಿಕೊಟ್ಟನು. ಶುಭ್ರವಾದ ಗಾಜಿನ ಮೇಲೆ ಈ ಸ್ಪರ್ಶಕೋನ ಬಹಳ ಕಿರಿದು. ಮೇಣದ ಮೇಲೆ ಅದು ೯೦ ಡಿಗ್ರಿಯನ್ನು ದಾಟುತ್ತದೆ. ಆದರೆ ನುಣುಪಾದ ವಸ್ತು ಎಷ್ಟೇ ನೀರುದ್ವೇಷಿಯಾಗಿದ್ದರೂ ಈ ಕೋನ ಸುಮಾರು ೧೨೦ ಡಿಗ್ರಿಗಿಂತ ಮೇಲೇರುವುದಿಲ್ಲ. ತಾವರೆಯೆಲೆಯ ಮೇಲಾದರೋ ಅದು ೧೬೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹನಿ ಎಲೆಯನ್ನು ತುದಿಗಾಲಿನಲ್ಲಿ ಮುಟ್ಟಿದಂತೆ ನಿಂತಿರುತ್ತದೆ. ನುಣುಪಿನಿಂದ ಸಾಧ್ಯವಾಗದ್ದು ಎಲೆಗೆ ಹೇಗೆ ಸಾಧ್ಯವಾಯಿತು?

ನುಣುಪಲ್ಲ, ಒರಟು

ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ತ್‌ಲಾಟ್ ಅವರು ೧೯೭೦ರ ದಶಕದಲ್ಲಿ ನೂರಾರು ಬಗೆಯ ಎಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ನೋಡುವ ಮೊದಲು ಎಲೆಗಳನ್ನು ತೊಳೆಯುವುದು ಕ್ರಮ. ಆಗ ಒಂದು ವಿಚಿತ್ರ ಸಂಗತಿ ಅವರ ಕಣ್ಣಿಗೆ ಬಿತ್ತು. ನುಣುಪಾಗಿ ಹೊಳೆಯುವ ಎಲೆಗಳ ಮೇಲೆ ಧೂಳು ಕೂತಿರುತ್ತಿತ್ತು. ಒರಟು ಮೇಲ್ಮೈಯ ಕೆಲವು ಎಲೆಗಳನ್ನು ತೊಳೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಒರಟಾದದ್ದು ಬೇಗ ಮಲಿನವಾಗುತ್ತದೆ ಎಂಬ ಲೋಕರೂಢಿಗೆ ಇದು ವಿರುದ್ಧ. ಈ ಜಾಡನ್ನು ಹಿಡಿದು ಅವರು, ತಮ್ಮ ಸಹೋದ್ಯೋಗಿ ಕ್ರಿಸ್ಟೋಫ್ ನೈನ್‌ಹುಯಿಸ್ ಅವರೊಡನೆ, ಪವಿತ್ರ ಕಮಲದ ಶುಚಿತ್ವವನ್ನು ಕುರಿತ ಪ್ರಬಂಧವನ್ನು ೧೯೯೭ರಲ್ಲಿ ಪ್ರಕಟಿಸಿದರು. ಇಂದು ಲೋಕವೆಲ್ಲ ‘ಕಮಲದ ಗುಣ’ವೆಂದು ಕರೆಯುವ ವಿದ್ಯಮಾನದ ವಿವರಣೆ ಅದರಲ್ಲಿದೆ.

ಸೂಕ್ಷ್ಮದರ್ಶಕದಲ್ಲಿ ತಾವರೆಯೆಲೆ ಒಂದು ಗುಡ್ಡಗಾಡು ಪ್ರದೇಶದಂತೆ ಕಾಣುತ್ತದೆ. ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಎತ್ತರದ ದಿಬ್ಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಪ್ರತಿಯೊಂದು ದಿಬ್ಬದ ಮೈಮೇಲೂ ಮೇಣದ ಅತಿ ಸಣ್ಣ ನಳಿಗೆಗಳು ರೋಮಗಳಂತೆ ಬೆಳೆದಿರುತ್ತವೆ. ಅವುಗಳ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು ಮಾತ್ರ. ಮೇಣ ನೀರನ್ನು ಒಲ್ಲದು. ದಿಬ್ಬಗಳ ನಡುವೆ ಗಾಳಿ ತುಂಬಿಕೊಂಡಿರುತ್ತದೆ. ಮೇಲೆ ಬಿದ್ದ ಹನಿ ದಿಬ್ಬಗಳ ತುದಿಗಳನ್ನಷ್ಟೇ ಮುಟ್ಟಿ, ಮಿಕ್ಕೆಡೆ ಗಾಳಿಯ ಹಾಸಿಗೆಯ ಮೇಲೆ ತೇಲುತ್ತದೆ. ಹನಿ ಆವರಿಸಿದ ಜಾಗದಲ್ಲಿ ಅದು ನಿಜವಾಗಿ ಎಲೆಯನ್ನು ಮುಟ್ಟುವುದು ನೂರಕ್ಕೆ ಎರಡು ಮೂರು ಪಾಲಿನಷ್ಟು ಮಾತ್ರ. ಒರಟು ಮೇಲ್ಮೈಯಲ್ಲಿ ಗಾಳಿ ಸೆರೆಯಾದರೆ ಹನಿ ಹೀಗೆ ದುಂಡಗಾಗುತ್ತದೆಂಬುದನ್ನು ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬ ವಿಜ್ಞಾನಿಗಳು ೧೯೪೪ರಲ್ಲಿಯೇ ಗಣಿತದಿಂದ ತೋರಿಸಿದ್ದರು. ಎಲೆಯಾದರೋ ಯಾವ ಗಣಿತವನ್ನೂ ಕಾಯದೆ ಅದನ್ನು ಆಚರಿಸುತ್ತ ಬಂದಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ‘ಇದೆಲ್ಲವೂ ನಮ್ಮ ಪೂರ್ವಜರಿಗೆ ಮೊದಲೇ ಗೊತ್ತಿತ್ತು’ ಎನ್ನುವ ಉತ್ಸಾಹ ನಮ್ಮಲ್ಲಿ ಬಹಳ. ನೀರು ಅಂಟುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಕಂಡಿದ್ದರು. ಅದನ್ನು ಬಾಳಿನ ಪಾಠವಾಗಿ ಬಳಸಿದರು. ಅದು ಏಕೆ ಅಂಟುವುದಿಲ್ಲವೆಂಬುದನ್ನು ಸೂಕ್ಷ್ಮದರ್ಶಕವನ್ನು ಹಿಡಿದವರು ಕಂಡುಕೊಂಡರು. ಇಬ್ಬರ ಕಾಣಿಕೆಯೂ ಬೇರೆ ಬೇರೆ. ಒಂದನ್ನು ಹೆಚ್ಚಿಸಲು ಇನ್ನೊಂದನ್ನು ಅಳಿಸುವುದು ಸತ್ಯಕ್ಕೆ ಸಲ್ಲದು.

ಎರಡು ಬಗೆಯ ಶುಚಿ

ಎಲೆಯ ಮೇಲೆ ಹನಿ ಜಾರುವುದಕ್ಕಿಂತ ಹೆಚ್ಚಾಗಿ ಉರುಳುತ್ತದೆ. ಈ ವ್ಯತ್ಯಾಸ ಮುಖ್ಯವಾದದ್ದು. ಎಲೆಯ ಮೇಲಿನ ಧೂಳಿನ ಕಣವೂ ದಿಬ್ಬಗಳ ತುದಿಗಳ ಮೇಲೆ ಕೂತಿರುವುದರಿಂದ ಎಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದಿಲ್ಲ. ಉರುಳುತ್ತ ಬರುವ ಹನಿ ಅದನ್ನು ಮುಟ್ಟಿದೊಡನೆ ಕಣವು ಎಲೆಯನ್ನು ಬಿಟ್ಟು ಹನಿಗೆ ಅಂಟಿಕೊಳ್ಳುತ್ತದೆ. ಹನಿ ಅದನ್ನು ಹೊತ್ತು ಕೆಳಗಿಳಿಯುತ್ತದೆ. ಕೆಸರಿನ ಕೆರೆಯಲ್ಲಿ ಹುಟ್ಟಿದ ಎಲೆ ಒಂದು ಮಳೆಗೆ ಮಡಿಯಾಗುವುದು ಹೀಗೆ.

ನೀರಿನಿಂದ ಶುಚಿಗೊಳಿಸುವ ಇನ್ನೊಂದು ಮಾರ್ಗವನ್ನು ನಾವು ಬಲ್ಲೆವು. ಅದು ಮಡಿವಾಳ ಮಾಚಯ್ಯನವರ ಕಾಯಕದ ಮಾರ್ಗ. ಬಟ್ಟೆಯ ಮಲಿನ ಹೋಗಬೇಕಾದರೆ ನೀರು ನೂಲಿನ ಎಳೆ ಎಳೆಯೊಳಗೂ ಇಳಿಯಬೇಕು. ಸಾಬೂನು ಮಾಡುವ ಕೆಲಸಗಳಲ್ಲಿ ಇದೂ ಒಂದು: ಅದು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ನೀರು ಸಂದುಗೊಂದುಗಳಲ್ಲಿ ನುಗ್ಗುವಂತೆ ಮಾಡುತ್ತದೆ. ಒಂದು ಕಡೆ ನೀರು ಒಳಹೊಕ್ಕು ತೊಳೆಯುತ್ತದೆ. ಇನ್ನೊಂದು ಕಡೆ ಮೇಲಷ್ಟೇ ಉರುಳಿ ತೊಳೆಯುತ್ತದೆ. ಬಟ್ಟೆಗೆ ಒಂದು ಧರ್ಮ, ಎಲೆಗೆ ಇನ್ನೊಂದು ಧರ್ಮ.

ನಮ್ಮ ರೈತಬಂಧುಗಳು ಇದರ ಇನ್ನೊಂದು ಮುಖವನ್ನು ಬಲ್ಲರು. ಈರುಳ್ಳಿ, ಎಲೆಕೋಸುಗಳ ಎಲೆಯ ಮೇಲೆ ಮೇಣದ ಲೇಪವಿರುವುದರಿಂದ ಸಿಂಪಡಿಸಿದ ಔಷಧಿ ಹನಿಗಟ್ಟಿ ನೆಲಕ್ಕುರುಳುತ್ತದೆ. ಅದಕ್ಕಾಗಿಯೇ ಔಷಧಿಯೊಡನೆ ಅಂಟು ದ್ರಾವಣವನ್ನು ಬೆರೆಸಬೇಕೆಂದು ಕೃಷಿ ತಜ್ಞರು ಹೇಳುತ್ತಾರೆ. ಅಂಟಿಸುವುದೂ ಅಂಟದಂತೆ ಮಾಡುವುದೂ ಒಂದೇ ವಿದ್ಯೆಯ ಎರಡು ತುದಿಗಳು.

ಕುಣಿಯುವ ಹನಿ, ಪುಟಿಯುವ ಹನಿ

ಗೃಹಿಣಿಯರು ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸುವುದುಂಟು. ಹಂಚು ಸಾಧಾರಣವಾಗಿ ಕಾದಿದ್ದರೆ ನೀರು ಚುರ್ ಎಂದು ಕೂಡಲೇ ಆರಿಹೋಗುತ್ತದೆ. ಹಂಚು ವಿಪರೀತ ಕಾದಿದ್ದರೆ ಹನಿಗಳು ಆರುವುದಿಲ್ಲ. ಪಾದರಸದ ಗುಂಡುಗಳಂತೆ ಹಂಚಿನ ತುಂಬ ಓಡಾಡಿ ಕುಣಿಯುತ್ತವೆ. ಹೆಚ್ಚು ಬಿಸಿಯಲ್ಲಿ ನೀರು ಹೆಚ್ಚು ಕಾಲ ಉಳಿಯುವ ಈ ವಿಚಿತ್ರವನ್ನು ಜರ್ಮನಿಯ ವೈದ್ಯ ಯೋಹಾನ್ ಗಾಟ್ಲೋಬ್ ಲೈಡೆನ್‌ಫ್ರಾಸ್ಟ್ ೧೭೫೬ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದನು. ಕೆಂಪಗೆ ಕಾದ ಕಬ್ಬಿಣದ ಚಮಚೆಯಲ್ಲಿ ಹನಿಯನ್ನು ಬಿಟ್ಟು ಅವನು ಪರೀಕ್ಷಿಸಿದ್ದನು. ಹನಿಯ ತಳಭಾಗ ಕ್ಷಣದಲ್ಲಿ ಆವಿಯಾಗಿ, ಆ ಆವಿಯ ತೆಳುವಾದ ಪದರವೇ ಹನಿಯನ್ನು ಎತ್ತಿ ಹಿಡಿಯುತ್ತದೆ. ತಾವರೆಯೆಲೆಯಲ್ಲಿ ಗಾಳಿ ಮಾಡುವ ಕೆಲಸವನ್ನು ಕಾದ ಹಂಚಿನಲ್ಲಿ ಹಬೆ ಮಾಡುತ್ತದೆ. ಗರಗಸದ ಹಲ್ಲಿನಂತೆ ಓರೆಯಾಗಿ ಕೊರೆದ ಕಾದ ಲೋಹದ ಮೇಲೆ ಹನಿಗಳು ತಾವಾಗಿಯೇ ಒಂದೇ ದಿಕ್ಕಿಗೆ ಸಾಗುತ್ತವೆಂದೂ, ಸಣ್ಣ ಏರನ್ನು ಹತ್ತುತ್ತವೆಂದೂ ೨೦೦೬ರಲ್ಲಿ ವಿಜ್ಞಾನಿಗಳು ತೋರಿಸಿದರು.

ಮಳೆಯ ಹನಿ ಎತ್ತರದಿಂದ ತಾವರೆಯಂಥ ಎಲೆಯ ಮೇಲೆ ಬಿದ್ದಾಗ ಏನಾಗುತ್ತದೆ? ಅದು ರೊಟ್ಟಿಯಂತೆ ಚಪ್ಪಟೆಯಾಗಿ ಹರಡಿ, ಮರುಕ್ಷಣವೇ ಮೇಲ್ಮೈ ಎಳೆತದಿಂದ ಮುದುಡಿಕೊಂಡು ಚೆಂಡಿನಂತೆ ಮೇಲಕ್ಕೆ ಪುಟಿಯುತ್ತದೆ. ಎರಡು ಮಿಲಿಮೀಟರು ಅಡ್ಡಗಲದ ಹನಿ ಎಲೆಯನ್ನು ಮುಟ್ಟಿಕೊಂಡಿರುವುದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲ ಮಾತ್ರ. ಹನಿ ಬೀಳುವ ವೇಗ ಹೆಚ್ಚಲಿ ಕಡಿಮೆಯಾಗಲಿ, ಈ ಸ್ಪರ್ಶಕಾಲ ಬದಲಾಗುವುದಿಲ್ಲವೆಂಬುದನ್ನು ಫ್ರಾನ್ಸಿನ ರಿಶಾರ್, ಕ್ಲಾನೆ, ಕೆರೆ ಎಂಬ ಮೂವರು ೨೦೦೨ರಲ್ಲಿ ಕಂಡುಕೊಂಡರು. ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾದ ಕೃಪಾ ವಾರಾಣಸಿ ಮತ್ತು ಅವರ ಸಂಗಡಿಗರು ೨೦೧೩ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮೇಲ್ಮೈಯಲ್ಲಿ ಸಣ್ಣ ಏಣುಗಳನ್ನು ಮೂಡಿಸಿದರೆ ಹನಿ ಒಡೆದು ಇನ್ನೂ ಬೇಗ ಪುಟಿಯುತ್ತದೆಂದು ಅವರು ತೋರಿಸಿದರು. ಕೆಲವು ಚಿಟ್ಟೆಗಳ ರೆಕ್ಕೆಗಳ ಮೇಲಿನ ನರಗಳು ಮಾಡುವುದೂ ಇದೇ ಕೆಲಸ. ಕಡುಚಳಿಯ ನಾಡುಗಳಲ್ಲಿ ವಿಮಾನದ ರೆಕ್ಕೆಯ ಮೇಲೆ ಹನಿಯು ಹೆಪ್ಪುಗಟ್ಟುವ ಮೊದಲೇ ಅದು ಪುಟಿದು ಹೋಗುವಂತೆ ಮಾಡಬಹುದೇ ಎಂಬುದು ಇಂಥ ಶೋಧನೆಗಳ ಹಿಂದಿರುವ ಆಸೆ.

ಇಬ್ಬನಿಯ ಮುಂದೆ ಸೋಲುವ ಎಲೆ

ಇಷ್ಟು ಕೇಳಿದವರಿಗೆ ತಾವರೆಯೆಲೆಯನ್ನು ನೀರು ಎಂದೂ ಗೆಲ್ಲಲಾರದೆಂದು ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಮೇಲಿನಿಂದ ಬೀಳುವ ಮಳೆಯನ್ನು ಎಲೆ ಸುಲಭವಾಗಿ ತಡೆಯುತ್ತದೆ. ಆದರೆ ಗಾಳಿಯಲ್ಲಿನ ತೇವವು ತಂಪಾದ ಎಲೆಯ ಮೇಲೆ ಇಬ್ಬನಿಯಾಗಿ ಕೂಡುವಾಗ ನೀರು ದಿಬ್ಬಗಳ ತುದಿಯನ್ನು ಬಳಸಿ ಬರುವುದಿಲ್ಲ. ದಿಬ್ಬಗಳ ನಡುವಿನ ಕಂದಕಗಳಲ್ಲಿಯೇ ಹುಟ್ಟುತ್ತದೆ. ಗಾಳಿಯಿರಬೇಕಾದಲ್ಲಿ ನೀರು ಸೇರಿಕೊಳ್ಳುತ್ತದೆ. ಆಗ ಹನಿ ಉರುಳದೆ ಎಲೆಗೆ ಅಂಟಿಕೊಂಡೇ ನಿಲ್ಲುತ್ತದೆಂಬುದನ್ನು ೨೦೦೫ರಲ್ಲಿ ವಿಜ್ಞಾನಿಗಳು ಪ್ರಯೋಗದಿಂದ ಕಂಡರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೊನಾಥನ್ ಬೊರೆಯ್ಕೊ ಮತ್ತು ಚುವಾನ್‌ಹುವಾ ಚೆನ್ ೨೦೦೯ರಲ್ಲಿ ಇದಕ್ಕೆ ಪರಿಹಾರವನ್ನೂ ತೋರಿಸಿದರು. ಎಲೆಯನ್ನು ನಡುಗಿಸಿದರೆ ಕಂದಕದ ನೀರು ಹೊರಬಂದು ಮತ್ತೆ ದುಂಡಗಾಗುತ್ತದೆ. ಎಲೆ ತನ್ನ ಗುಣವನ್ನು ಮರಳಿ ಪಡೆಯುತ್ತದೆ. ನೈದಿಲೆಯ ಎಲೆ ನೀರಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ; ಬಲಿತ ತಾವರೆಯೆಲೆ ಉದ್ದನೆಯ ದಂಟಿನ ಮೇಲೆ ಎದ್ದು ನಿಂತು ಗಾಳಿಗೆ ತೂಗಾಡುತ್ತಿರುತ್ತದೆ. ಆ ತೂಗಾಟವೂ ವ್ಯರ್ಥವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಹೊರಗಿನಿಂದ ಬಂದೆರಗುವ ದೊಡ್ಡ ಆಸೆಗಳನ್ನು ಗುರುತಿಸಿ ತಳ್ಳಿಹಾಕುವುದು ಮನುಷ್ಯನಿಗೂ ಅಷ್ಟು ಕಷ್ಟವಲ್ಲ. ಕಾಣದಂತೆ ಒಳಗೇ ಹನಿಗಟ್ಟುವ ಅಸೂಯೆ, ಹಮ್ಮು, ‘ನನ್ನಿಂದಲೇ ಈ ಮನೆ ನಡೆಯುತ್ತದೆ’ ಎಂಬ ಭಾವ, ಇವೇ ಬಿಡದೆ ಅಂಟುವಂಥವು. ಆಗಾಗ ನಮ್ಮನ್ನು ಅಲುಗಿಸುವ ಸತ್ಸಂಗ, ನಿತ್ಯದ ಇಷ್ಟಲಿಂಗ ಪೂಜೆ, ಬಲ್ಲವರ ನಿಷ್ಠುರದ ಮಾತು, ಇವುಗಳ ಅಗತ್ಯ ಅದಕ್ಕಾಗಿಯೇ.

ಕೂಡಿದ ಹನಿಗಳ ಜಿಗಿತ

ಅದೇ ಇಬ್ಬರು ವಿಜ್ಞಾನಿಗಳು ಅದೇ ೨೦೦೯ರಲ್ಲಿ ಇನ್ನೊಂದು ಅಚ್ಚರಿಯನ್ನು ಪ್ರಕಟಿಸಿದರು. ತಾವರೆಗಿಂತಲೂ ನವುರಾದ ಎರಡು ಹಂತದ ಒರಟನ್ನು ಕೃತಕವಾಗಿ ರಚಿಸಿ ತಂಪುಗೊಳಿಸಿದಾಗ, ಅದರ ಮೇಲೆ ಕೂಡಿದ ಕಿರುಹನಿಗಳು ತಾವಾಗಿಯೇ ಮೇಲಕ್ಕೆ ಜಿಗಿಯತೊಡಗಿದವು. ಗಾಳಿ ಬೀಸಲಿಲ್ಲ, ಯಾರೂ ಅಲುಗಿಸಲಿಲ್ಲ, ಇಳಿಜಾರೂ ಇರಲಿಲ್ಲ.

ಇದರ ಗುಟ್ಟು ಸರಳ. ಸಮಾನ ಗಾತ್ರದ ಎರಡು ಹನಿಗಳು ಕೂಡಿ ಒಂದಾದಾಗ ನೀರಿನ ಪ್ರಮಾಣ ಕಡಿಮೆಯಾಗುವುದಿಲ್ಲ; ಆದರೆ ಹೊರಮೈ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ ಎರಡರ ಒಟ್ಟು ಹೊರಮೈಯಲ್ಲಿ ನೂರಕ್ಕೆ ಸುಮಾರು ೨೧ ಪಾಲು ಉಳಿತಾಯವಾಗುತ್ತದೆ. ಬೇರೆ ಬೇರೆಯಾಗಿರುವುದಕ್ಕೆಂದು ವೆಚ್ಚವಾಗಿದ್ದ ಶಕ್ತಿ ಕೂಡಿದಾಗ ಬಿಡುಗಡೆಯಾಗುತ್ತದೆ. ಹನಿಗಳು ಕೂಡುವಾಗ ಅವುಗಳ ನಡುವಣ ನೀರಿನ ಸೇತುವೆ ಎಲ್ಲ ಕಡೆಗೂ ಉಬ್ಬುತ್ತದೆ. ಕೆಳಗೆ ಉಬ್ಬಿದ ಭಾಗ ನೆಲವನ್ನು ಒತ್ತುತ್ತದೆ. ನೆಲ ಅದನ್ನು ಮರಳಿ ಒತ್ತುತ್ತದೆ. ಹನಿ ಮೇಲಕ್ಕೆ ನೆಗೆಯುತ್ತದೆ. ಬಿಡುಗಡೆಯಾದ ಶಕ್ತಿಯಲ್ಲಿ ಜಿಗಿತಕ್ಕೆ ಸಲ್ಲುವುದು ಸ್ವಲ್ಪ ಪಾಲು ಮಾತ್ರ. ಆದರೂ ಕೂದಲೆಳೆಯ ದಪ್ಪದ ಹನಿಗಳು ಹೀಗೆ ಕೆಲವು ಮಿಲಿಮೀಟರು ಎತ್ತರಕ್ಕೆ, ಅಂದರೆ ತಮ್ಮ ಗಾತ್ರದ ಹತ್ತಾರು ಪಟ್ಟು ಮೇಲಕ್ಕೆ ಹಾರಬಲ್ಲವು. ಅಂಟಿಕೊಂಡ ನೆಲದ ಮೇಲೆ ಇದೇ ಎರಡು ಹನಿಗಳು ಕೂಡಿದರೆ ಆ ಶಕ್ತಿಯೆಲ್ಲ ಅಲ್ಲಿಯೇ ಅಡಗಿಹೋಗುತ್ತದೆ. ಕೂಡುವುದು ಎಷ್ಟು ಮುಖ್ಯವೋ, ಅಂಟಿಕೊಳ್ಳದೆ ಕೂಡುವುದೂ ಅಷ್ಟೇ ಮುಖ್ಯ.

ಪ್ರಕೃತಿಯಲ್ಲಿ ಇದರ ಪ್ರಯೋಜನವನ್ನು ಮರದ ಮೇಲೆ ಕಿರ್ರೆಂದು ಕೂಗುವ ಜೀರುಂಡೆಯಲ್ಲಿ ಕಾಣಬಹುದು. ಅದರ ರೆಕ್ಕೆಯ ಮೇಲೆ ಅತಿ ಸೂಕ್ಷ್ಮವಾದ ಮೊನೆಗಳಿವೆ. ಅಮೆರಿಕ ಮತ್ತು ಆಸ್ಟ್ರೇಲಿಯದ ವಿಜ್ಞಾನಿಗಳು ೨೦೧೩ರಲ್ಲಿ ತೋರಿಸಿದಂತೆ, ರೆಕ್ಕೆಯ ಮೇಲಿನ ಇಬ್ಬನಿಯ ಹನಿಗಳು ಕೂಡಿ ಜಿಗಿಯುವಾಗ ಧೂಳಿನ ಕಣಗಳನ್ನೂ ಹೊತ್ತೊಯ್ಯುತ್ತವೆ. ಮಳೆಯಿಲ್ಲದ ದಿನಗಳಲ್ಲಿಯೂ ರೆಕ್ಕೆ ಶುಭ್ರವಾಗುತ್ತದೆ.

ಒಳಿತೂ ಉಂಟು, ಕೆಡುಕೂ ಉಂಟು

ಈ ಜಿಗಿತವನ್ನು ಮನುಷ್ಯ ತನ್ನ ಕೆಲಸಕ್ಕೂ ಹೂಡಲೆತ್ನಿಸುತ್ತಿದ್ದಾನೆ. ರಾಯಚೂರಿನಲ್ಲಿರುವಂಥ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಲ್ಲಿ ಹಬೆಯು ಯಂತ್ರವನ್ನು ತಿರುಗಿಸಿದ ಮೇಲೆ ತಂಪಾದ ಕೊಳವೆಗಳಿಗೆ ತಾಗಿ ಮತ್ತೆ ನೀರಾಗುತ್ತದೆ. ಆ ನೀರು ಕೊಳವೆಗೆ ಕಂಬಳಿಯಂತೆ ಸುತ್ತಿಕೊಂಡರೆ ಶಾಖ ದಾಟುವುದು ನಿಧಾನವಾಗುತ್ತದೆ. ನೀರು ಹನಿಹನಿಯಾಗಿ ಕಳಚಿಕೊಂಡರೆ ಶಾಖ ಎಷ್ಟೋ ಪಟ್ಟು ಚೆನ್ನಾಗಿ ದಾಟುತ್ತದೆಂಬುದು ೧೯೩೦ರಿಂದಲೂ ತಿಳಿದ ವಿಷಯ. ತಾಮ್ರದ ಮೇಲೆ ಸೂಕ್ಷ್ಮವಾದ ಒರಟನ್ನು ಮೂಡಿಸಿ ಹನಿಗಳು ಜಿಗಿಯುವಂತೆ ಮಾಡಿದಾಗ ಅದು ಇನ್ನೂ ನೂರಕ್ಕೆ ೩೦ರಷ್ಟು ಹೆಚ್ಚಿತೆಂದು ಎಂ.ಐ.ಟಿ.ಯ ವಿಜ್ಞಾನಿಗಳು ೨೦೧೩ರಲ್ಲಿ ವರದಿ ಮಾಡಿದರು. ಆದರೆ ಇಂಥ ಲೇಪಗಳು ವರ್ಷಗಟ್ಟಲೆ ಬಾಳುವಂತೆ ಮಾಡುವುದು ಕಷ್ಟದ ಕೆಲಸ.

ಅದೇ ಜಿಗಿತ ರೋಗವನ್ನೂ ಹರಡುತ್ತದೆ. ಗೋಧಿಯ ಎಲೆಯೂ ಮೇಣದ ಲೇಪವುಳ್ಳದ್ದು. ನಮ್ಮ ಧಾರವಾಡ, ವಿಜಯಪುರ ಭಾಗದ ಗೋಧಿ ಬೆಳೆಗಾರರಿಗೆ ಭಂಡಾರ ರೋಗದ ಹೆಸರು ಹೊಸದಲ್ಲ. ಎಲೆಯ ಮೇಲೆ ಅರಿಸಿನದ ಪುಡಿಯಂತೆ ಕಾಣುವುದು ಒಂದು ಶಿಲೀಂಧ್ರದ ಬೀಜಕಣಗಳು. ಗೋಧಿಯ ಎಲೆಯ ಮೇಲೆ ಇಬ್ಬನಿಯ ಹನಿಗಳು ಕೂಡಿ ಜಿಗಿಯುವಾಗ ಈ ಬೀಜಕಣಗಳನ್ನು ಹೊತ್ತುಕೊಂಡು ಹಾರುತ್ತವೆಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ೨೦೧೯ರಲ್ಲಿ ತೋರಿಸಿದರು. ಎಲೆಯ ಮಗ್ಗುಲಲ್ಲಿ ಗಾಳಿ ಹೆಚ್ಚು ಚಲಿಸದ ಒಂದು ತೆಳುವಾದ ಪದರವಿರುತ್ತದೆ. ಹನಿಯ ಜಿಗಿತ ಬೀಜಕಣವನ್ನು ಆ ಪದರದಾಚೆಗೆ ಎಸೆಯುತ್ತದೆ. ಆಮೇಲೆ ಬೀಸುವ ಗಾಳಿ ಅದನ್ನು ಮುಂದಿನ ಹೊಲಕ್ಕೆ ಒಯ್ಯುತ್ತದೆ. ಜೀರುಂಡೆಯ ರೆಕ್ಕೆಯನ್ನು ಶುಭ್ರಗೊಳಿಸುವ ಜಿಗಿತವೇ ಇಲ್ಲಿ ರೋಗಕ್ಕೆ ವಾಹನವಾಗುತ್ತದೆ. ಕೂಟಕ್ಕೆ ಬಲವಿದೆ, ಆ ಬಲ ಏನನ್ನು ಹೊತ್ತೊಯ್ಯುತ್ತದೆಂಬುದನ್ನು ನೋಡಿಕೊಳ್ಳಬೇಕು. ನಾಲ್ಕು ಜನ ಕೂಡಿ ದಾಸೋಹ ನಡೆಸಲೂಬಹುದು, ನಾಲ್ಕು ಜನ ಕೂಡಿ ಚಾಡಿಯನ್ನು ಊರೆಲ್ಲ ಬಿತ್ತಲೂಬಹುದು.

ಮನುಷ್ಯ ಮಾಡಿದ ನೀರುತಡೆಗಳ ಮಾತೂ ಇದೆ. ಮಳೆಯಂಗಿಗಳಿಗೆ, ನೆಲಹಾಸುಗಳಿಗೆ, ತಿಂಡಿ ಕಟ್ಟುವ ಕಾಗದಗಳಿಗೆ ಬಳಸಿದ ಫ್ಲೋರಿನ್ ಸಂಯುಕ್ತಗಳಲ್ಲಿ ಹಲವು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕರಗಿ ನಾಶವಾಗದೆ ಉಳಿದು ಜೀವಿಗಳ ಮೈ ಸೇರುತ್ತವೆ. ಇವುಗಳಲ್ಲಿ ಒಂದು ಬಗೆಯನ್ನು ೨೦೦೯ರಲ್ಲಿ, ಇನ್ನೊಂದನ್ನು ೨೦೧೯ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಯಂತ್ರಣಕ್ಕೆ ಒಳಪಡಿಸಲಾಯಿತು. ತಾವರೆ ತನ್ನ ಮೇಣವನ್ನು ತಾನೇ ಸ್ರವಿಸುತ್ತದೆ. ಎಲೆ ಬಾಡಿದಾಗ ಆ ಮೇಣವೂ ಮಣ್ಣಿಗೆ ಸೇರುತ್ತದೆ. ತಾನು ಶುಚಿಯಾಗುವ ಭರದಲ್ಲಿ ಅದು ಕೆರೆಯನ್ನು ಕೆಡಿಸುವುದಿಲ್ಲ.

ಮನೆಯ ಮಕ್ಕಳಿಗೆ

ಈ ವಿಷಯವನ್ನು ಮಕ್ಕಳು ಕಣ್ಣಾರೆ ಕಾಣಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ತಾವರೆ ದೊರೆಯದಿದ್ದರೆ ಕೆಸುವಿನ ಎಲೆ ಸಾಕು. ಎಲೆಯ ಮೇಲೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿ, ಒಂದು ಹನಿ ನೀರು ಬಿಟ್ಟು ಎಲೆಯನ್ನು ಓರೆ ಮಾಡಿರಿ. ಹನಿ ಬೂದಿಯನ್ನು ಬಳಿದುಕೊಂಡು ಉರುಳುವುದನ್ನು ನೋಡಬಹುದು. ಎಲೆಯ ಒಂದು ಮೂಲೆಯನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ ಅಲ್ಲಿಯೂ ಒಂದು ಹನಿ ಬಿಡಿರಿ. ಮೇಣದ ನವುರು ಅಳಿಸಿದ್ದರಿಂದ ಹನಿ ಮೊದಲಿನಂತೆ ಓಡದು. ಬಳಿಕ ಸಾಬೂನಿನ ನೀರಿನ ಹನಿಯನ್ನು ಬಿಟ್ಟು ಹೋಲಿಸಿರಿ. ಕೆಸುವಿನ ರಸ ತುರಿಕೆ ತರುವುದರಿಂದ ಕೊನೆಯಲ್ಲಿ ಕೈ ತೊಳೆಯುವುದನ್ನು ಮರೆಯಬಾರದು. ಇನ್ನೊಂದು ಪ್ರಯೋಗವನ್ನು ಹಿರಿಯರು ಮಾಡಿ ತೋರಿಸಲಿ: ಉಕ್ಕಿನ ಚಮಚೆಯ ತಳವನ್ನು ಮೇಣದ ಬತ್ತಿಯ ಉರಿಗೆ ಹಿಡಿದು ಮಸಿ ಕೂಡಿಸಿ, ಆರಿದ ಮೇಲೆ ಹನಿ ಬಿಟ್ಟರೆ ಅದು ಬೆಳ್ಳಿಯ ಗುಂಡಿನಂತೆ ಉರುಳುತ್ತದೆ.

ಎಲೆಯ ಕಾಯಕ

ಈಗ ನಾವು ಆರಂಭದ ಉಪಮೆಗೆ ಮರಳಬಹುದು. ಎಲೆ ಇಷ್ಟೆಲ್ಲ ಏರ್ಪಾಡನ್ನು ಏಕೆ ಮಾಡಿಕೊಂಡಿದೆ? ಹೆಚ್ಚಿನ ಗಿಡಮರಗಳ ಎಲೆಗಳು ಉಸಿರಾಡುವ ರಂಧ್ರಗಳು ಎಲೆಯ ಕೆಳಮೈಯಲ್ಲಿರುತ್ತವೆ. ತಾವರೆಯಲ್ಲಿ ಅವು ಮೇಲ್ಮೈಯಲ್ಲಿವೆ. ಮೇಲೆ ನೀರು ನಿಂತರೆ ಅಥವಾ ಧೂಳು ಮುಚ್ಚಿದರೆ ಎಲೆಗೆ ಉಸಿರುಕಟ್ಟುತ್ತದೆ. ಬಿಸಿಲನ್ನು ಹೀರಿ ಆಹಾರವನ್ನು ಸಿದ್ಧಪಡಿಸುವ ಅದರ ಕೆಲಸ ನಿಂತುಹೋಗುತ್ತದೆ. ಆ ಆಹಾರದಿಂದಲೇ ಕೆಸರಿನೊಳಗಿನ ಗಡ್ಡೆ ಬೆಳೆಯಬೇಕು, ಹೂವು ಅ

ರಳಬೇಕು, ಬೀಜ ಕಟ್ಟಬೇಕು. ತಾವರೆಯ ಬೇರು ನೀರಿನಲ್ಲಿಯೇ ಇದೆ, ಕೆಸರನ್ನೇ ಹಿಡಿದಿದೆ. ಎಲೆ ನೀರನ್ನು ದ್ವೇಷಿಸುತ್ತಿಲ್ಲ. ತನ್ನ ಕೆಲಸಕ್ಕೆ ಅಡ್ಡಿಯಾಗುವಲ್ಲಿ ಮಾತ್ರ ಅದನ್ನು ನಿಲ್ಲಗೊಡುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಬದುಕನ್ನು ನೋಡಿದರೆ ಇದೇ ಧರ್ಮ ಕಾಣುತ್ತದೆ. ಮಾಚಯ್ಯನವರು ಮಲಿನ ಬಟ್ಟೆಗಳ ನಡುವೆ ನಿಂತು ಶುಚಿಯಾಗಿದ್ದರು. ಅಂಬಿಗರ ಚೌಡಯ್ಯನವರು ಹೊಳೆಯ ಮೇಲೆಯೇ ಬಾಳಿ ಜನರನ್ನು ದಡ ಮುಟ್ಟಿಸಿದರು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತೂ ಅದು ತಮ್ಮದೆಂದು ಬಗೆಯಲಿಲ್ಲ. ಇವರಾರೂ ಲೋಕವನ್ನು ಬಿಟ್ಟು ಓಡಿದವರಲ್ಲ. ಅವರ ನಿರ್ಲಿಪ್ತತೆ ಕಾಯಕವನ್ನು ಚೊಕ್ಕವಾಗಿ ಮಾಡುವುದಕ್ಕಾಗಿ ಇತ್ತು. ಕಾಯಕದ ಫಲ ದಾಸೋಹಕ್ಕೆ ಸಲ್ಲುತ್ತಿತ್ತು.

ಆದ್ದರಿಂದ ಹಾಸಿಗೆ ಹಿಡಿದ ತಾಯಿಯ ಬಳಿ ಕುಳಿತು, ಅವಳ ಸೇವೆ ಮಾಡಿ, ‘ನಾನು ಇಷ್ಟು ಮಾಡಿದೆ’ ಎಂಬ ಮಾತನ್ನು ಮನಸ್ಸಿನಲ್ಲಿ ನಿಲ್ಲಗೊಡದವನನ್ನು ತಾವರೆಯೆಲೆಗೆ ಹೋಲಿಸೋಣ. ಬಾಗಿಲಾಚೆ ನಿಂತು ತನಗೇನೂ ಅಂಟಿಲ್ಲವೆನ್ನುವವನಿಗೆ ಆ ಹೋಲಿಕೆ ಸಲ್ಲದು. ಅವನ ಮೇಲೆ ಹನಿಯೇ ಬಿದ್ದಿಲ್ಲ. ಮುಂದಿನ ಸಲ ನಮ್ಮ ಮನೆಗಳಲ್ಲಿ ಯಾರಾದರೂ ಈ ಉಪಮೆಯನ್ನು ಎತ್ತಿದಾಗ, ಎಲೆ ಮಾಡುತ್ತಿರುವ ಕೆಲಸವನ್ನೂ ಜೊತೆಗೆ ನೆನಪಿಸಬೇಕೆಂದು ನಾವು ಓದುಗ ಬಂಧುಗಳಲ್ಲಿ ವಿನಂತಿಸುತ್ತೇವೆ.